ಸೆಂಡ್ ಒತ್ತಿದಾಗ ಏನೇನು ಹೋಗುತ್ತದೆ

ನಮ್ಮ ಕಚೇರಿಯ ಮೇಲ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರಿಗೆ ಖಾತೆ ತೆರೆದುಕೊಡಬೇಕು, ಗುಂಪುಗಳನ್ನು ಮಾಡಿಕೊಡಬೇಕು, ಕೆಲಸ ಬಿಟ್ಟವರ ಖಾತೆ ಮುಚ್ಚಬೇಕು, ಸ್ಪ್ಯಾಮ್ ತಡೆಯಬೇಕು. ಇದೆಲ್ಲ ದಿನಾ ಇದ್ದದ್ದೇ. ಆದರೆ ನನಗೆ ಬರುವ ಫೋನ್‌ಗಳಲ್ಲಿ ಒಂದು ಬಗೆಯದನ್ನು ಮೊದಲ ಮಾತಿನಲ್ಲೇ ಗುರುತು ಹಿಡಿಯುತ್ತೇನೆ. ಆ ಕಡೆಯವರು ದನಿ ತಗ್ಗಿಸಿರುತ್ತಾರೆ. "ಮೇಡಂ, ಈಗಷ್ಟೇ ಒಂದು ಮೇಲ್ ಕಳಿಸಿದೆ. ಬೇರೆ ಯಾರಿಗೋ ಹೋಗಿಬಿಟ್ಟಿದೆ. ವಾಪಸ್ ತೆಗೆಯೋಕೆ ಆಗುತ್ತಾ?"

ಹೊರಗೆ ಹೋಗಿದ್ದರೆ ಆಗುವುದಿಲ್ಲ. ಯಾಕೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಮೇಲ್ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವ ನಿಯಮಗಳಿಗೆ ಎಸ್‌ಎಂಟಿಪಿ ಎನ್ನುತ್ತಾರೆ. ಜಾನ್ ಪೋಸ್ಟೆಲ್ ಅವರು 1982ರಲ್ಲಿ ಬರೆದ ನಿಯಮಗಳೇ ಇಂದಿಗೂ ಅದರ ಬುನಾದಿ. ಅದರಲ್ಲಿ ಕಳಿಸುವುದಕ್ಕೆ ಆಜ್ಞೆ ಇದೆ, ವಾಪಸ್ ಕರೆಯುವುದಕ್ಕೆ ಇಲ್ಲ. ಎದುರಿನ ಸರ್ವರ್ 'ಸಿಕ್ಕಿತು' ಎಂದು ಉತ್ತರ ಕೊಟ್ಟ ಮೇಲೆ ಆ ಪ್ರತಿ ಅವರದು. ಜಿಮೇಲ್‌ನ ಅನ್‌ಡೂ ಸೆಂಡ್ 2009ರಲ್ಲಿ ಪ್ರಯೋಗವಾಗಿ ಬಂದು 2015ರಲ್ಲಿ ಎಲ್ಲರಿಗೂ ಸಿಕ್ಕಿತು. ಅದೂ ಹೋದ ಮೇಲನ್ನು ವಾಪಸ್ ತರುವುದಿಲ್ಲ. ಹೆಚ್ಚೆಂದರೆ 30 ಸೆಕೆಂಡ್ ಕಳಿಸದೆ ಹಿಡಿದಿಟ್ಟುಕೊಂಡಿರುತ್ತದೆ, ಅಷ್ಟೇ. ಔಟ್‌ಲುಕ್‌ನ ರಿಕಾಲ್ ನಡೆಯುವುದು ಇಬ್ಬರೂ ಒಂದೇ ಸಂಸ್ಥೆಯ ಮೇಲ್ ವ್ಯವಸ್ಥೆಯೊಳಗೆ ಇದ್ದರೆ ಮಾತ್ರ. ಹೊರಗಿನವರಿಗೆ ಹೋದ ಮೇಲ್ ಮೇಲೆ ರಿಕಾಲ್ ಒತ್ತಿದರೆ, 'ಇವರು ಈ ಮೇಲನ್ನು ವಾಪಸ್ ಕರೆಯಲು ಬಯಸುತ್ತಾರೆ' ಎಂಬ ಇನ್ನೊಂದು ಮೇಲ್ ಅವರ ಕೈ ಸೇರುವುದೂ ಉಂಟು. ಅಲ್ಲಿಯವರೆಗೆ ಗಮನಿಸದವರೂ ಆಗ ಹುಡುಕಿ ಓದುತ್ತಾರೆ.

ಹಾಗಾಗಿ ತಪ್ಪು ಆದ ಮೇಲೆ ನಾನು ಮಾಡಬಹುದಾದದ್ದು ಸ್ವಲ್ಪ. ತಪ್ಪಿನಿಂದ ಕಚೇರಿ ಏನು ಕಲಿಯುತ್ತದೆ ಎನ್ನುವುದರಲ್ಲಿ ಮಾಡಬಹುದಾದದ್ದು ತುಂಬಾ ಇದೆ. ಅಲ್ಲೇ ನಾವು ಎಡವುತ್ತೇವೆ ಎಂದು ನನಗೆ ಅನಿಸುತ್ತದೆ. ಏನಾದರೂ ಆದ ಕೂಡಲೇ ಎಲ್ಲರಿಗೂ ಒಂದು ಸುತ್ತೋಲೆ ಹೋಗುತ್ತದೆ. 'ಮೇಲ್ ಕಳಿಸುವಾಗ ಇನ್ನು ಮುಂದೆ ಹೆಚ್ಚಿನ ಎಚ್ಚರ ವಹಿಸತಕ್ಕದ್ದು.' ಇದರಿಂದ ಯಾರೂ ಏನೂ ಕಲಿಯುವುದಿಲ್ಲ. ನನಗೆ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಅಸಡ್ಡೆಯವರಲ್ಲ. ಜಾಸ್ತಿ ಮೇಲ್ ಕಳಿಸುವವರು, ಎರಡು ಮೂರು ಕೆಲಸ ಒಟ್ಟಿಗೆ ತಲೆ ಮೇಲೆ ಹೊತ್ತವರು. ಅವರು ಪರದೆ ನೋಡಿಯೇ ಕಳಿಸಿದ್ದರು. ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ನಾನು ನೋಡಿದ ತಪ್ಪುಗಳನ್ನೆಲ್ಲ ಪಕ್ಕಪಕ್ಕ ಇಟ್ಟರೆ ಒಂದೇ ಸಂಗತಿ ಎದ್ದು ಕಾಣುತ್ತದೆ. ಮೇಲ್ ಕಳಿಸುವವರಿಗೆ ಕಾಣಿಸುವುದು ಕಡಿಮೆ, ಹೋಗುವುದು ಜಾಸ್ತಿ.

ಹೆಸರಿನಿಂದಲೇ ಶುರು ಮಾಡೋಣ. ಎರಡು ಅಕ್ಷರ ಟೈಪ್ ಮಾಡಿದರೆ ಸಾಕು, ಇಡೀ ಹೆಸರು ತಾನಾಗಿ ಬಂದು ಕೂರುತ್ತದೆ. ನಮಗೆ ಕಾಣುವುದು ಹೆಸರು, ಮೇಲ್ ಹೋಗುವುದು ಅದರ ಹಿಂದಿನ ವಿಳಾಸಕ್ಕೆ. ಒಂದೇ ಹೆಸರಿನ ಇಬ್ಬರಿದ್ದರೆ, ಒಬ್ಬರು ಒಳಗಿನವರು ಇನ್ನೊಬ್ಬರು ಹೊರಗಿನವರು ಆಗಿದ್ದರೆ, ಪರದೆಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. 2014ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನ ಜಿ20 ಸಭೆಗೆ ಮುಂಚೆ ಆಸ್ಟ್ರೇಲಿಯಾದ ವಲಸೆ ಇಲಾಖೆಯಲ್ಲಿ ಆದದ್ದು ಇದೇ. ಒಬಾಮಾ, ಪುಟಿನ್, ಮರ್ಕೆಲ್, ಮೋದಿ ಸೇರಿ 31 ನಾಯಕರ ಪಾಸ್‌ಪೋರ್ಟ್ ಸಂಖ್ಯೆ ಮತ್ತು ವೀಸಾ ವಿವರ ಏಷ್ಯನ್ ಕಪ್ ಫುಟ್‌ಬಾಲ್ ಸಂಘಟಕರೊಬ್ಬರಿಗೆ ಹೋಯಿತು. ಔಟ್‌ಲುಕ್ ತಾನಾಗಿ ತುಂಬಿದ ವಿಳಾಸವನ್ನು ಕಳಿಸಿದವರು ಮತ್ತೆ ನೋಡಿರಲಿಲ್ಲ. ಅಷ್ಟು ದೊಡ್ಡವರ ವಿವರ ಇರುವ ಮೇಲ್‌ನಲ್ಲೂ ಹೀಗಾಗುತ್ತದೆ ಎಂದರೆ, ಸುಮ್ನೆ 'ಗಮನ ಕೊಡಿ' ಎಂದರೆ ಸಾಕಾಗುವುದಿಲ್ಲ ಅಲ್ವಾ?

ಕೈಯಾರೆ ವಿಳಾಸ ಬರೆದರೂ ಕಷ್ಟ ತಪ್ಪುವುದಿಲ್ಲ. ಅಮೆರಿಕದ ಸೇನೆಯ ವಿಳಾಸಗಳು ಡಾಟ್ ಎಂಐಎಲ್ ಎಂದು ಮುಗಿಯುತ್ತವೆ. ನಡುವಿನ ಒಂದು ಅಕ್ಷರ ಬಿಟ್ಟುಹೋದರೆ ಅದು ಡಾಟ್ ಎಂಎಲ್, ಅಂದರೆ ಆಫ್ರಿಕಾದ ಮಾಲಿ ದೇಶದ್ದು. ವರ್ಷಗಟ್ಟಲೆ ಸೇನೆಯ ಮೇಲ್‌ಗಳು ಹಾಗೆ ಅಲ್ಲಿಗೆ ಹೋಗುತ್ತಿದ್ದವು ಎಂದು 2023ರಲ್ಲಿ ಸುದ್ದಿಯಾಯಿತು. ಇಲ್ಲದ ವಿಳಾಸಕ್ಕೆ ಹೋದರೆ ಮೇಲ್ ಬೌನ್ಸ್ ಆಗಿ ವಾಪಸ್ ಬರುತ್ತದೆ, ನಮಗೆ ಗೊತ್ತಾಗುತ್ತದೆ. ಇರುವ, ಆದರೆ ತಪ್ಪಾದ ವಿಳಾಸಕ್ಕೆ ಹೋದರೆ ಏನೂ ಗೊತ್ತಾಗುವುದಿಲ್ಲ.

ಗುಂಪಿನ ಹೆಸರಲ್ಲೂ ಇದೇ ಕಥೆ. ಒಂದು ಸಾಲಿನ ಹೆಸರು, ಅದರ ಹಿಂದೆ ಎಷ್ಟು ಜನ ಎನ್ನುವುದು ಕಾಣುವುದಿಲ್ಲ. 1997ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನೊಳಗೆ ಒಬ್ಬರು, ತಾವು ಯಾವುದೋ ಗೊತ್ತಿಲ್ಲದ ಗುಂಪಿನಲ್ಲಿ ಇರುವುದನ್ನು ನೋಡಿ, 'ನನ್ನನ್ನು ತೆಗೆದುಹಾಕಿ' ಎಂದು ಆ ಗುಂಪಿಗೇ ಬರೆದರು. ಅದರಲ್ಲಿ ಸುಮಾರು 13,000 ಜನ ಇದ್ದರು. 'ನನ್ನನ್ನೂ' ಎಂದು ಹಲವರು ರಿಪ್ಲೈ ಆಲ್ ಒತ್ತಿದರು. 'ದಯವಿಟ್ಟು ರಿಪ್ಲೈ ಆಲ್ ಒತ್ತಬೇಡಿ' ಎಂದು ಇನ್ನಷ್ಟು ಜನ ರಿಪ್ಲೈ ಆಲ್ ಒತ್ತಿದರು. ಸರ್ವರ್‌ಗಳು ಮಲಗಿದವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2016ರ ನವೆಂಬರ್‌ನಲ್ಲಿ ಒಂದು ಪರೀಕ್ಷಾ ಮೇಲ್ ಸುಮಾರು 8.4 ಲಕ್ಷ ಖಾತೆಗಳಿಗೆ ಹೋಗಿ ಇದೇ ನಾಟಕ ನಡೆಯಿತು. ಇಂಥ ಮೇಲ್ ನಿಮಗೂ ಬಂದರೆ ಒಂದೇ ಮಾತು ನೆನಪಿಡಿ: ಏನೂ ಉತ್ತರ ಕೊಡಬೇಡಿ. ನಮ್ಮಂಥವರಿಗೆ ಫೋನ್ ಮಾಡಿ. ಆ ಗುಂಪಿಗೆ ಯಾರು ಬರೆಯಬಹುದು ಎನ್ನುವುದನ್ನು ನಾವು ಕೂಡಲೇ ಬಿಗಿ ಮಾಡಬಹುದು.

ಬಿಸಿಸಿ, ಅಂದರೆ ಮೇಲ್ ಪಡೆಯುವವರ ವಿಳಾಸ ಒಬ್ಬರಿಂದೊಬ್ಬರಿಗೆ ಕಾಣದಂತೆ ಇಡುವ ಸಾಲು. ಅದರ ವಿಚಾರಕ್ಕೆ ಬಂದರೆ ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆಂದರೆ ಇಲ್ಲಿ ಏಟು ಬೀಳುವುದು ಕಳಿಸಿದವರಿಗಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ 56 ಡೀನ್ ಸ್ಟ್ರೀಟ್ ಕ್ಲಿನಿಕ್ಕಿನಿಂದ ಎಚ್‌ಐವಿ ಸೇವೆ ಬಳಸುವವರಿಗೆ ಒಂದು ಸುದ್ದಿಪತ್ರ ಹೋಯಿತು. 781 ವಿಳಾಸಗಳು. ಬಿಸಿಸಿಯಲ್ಲಿ ಹಾಕಬೇಕಿದ್ದದ್ದನ್ನು ಟು ಸಾಲಿನಲ್ಲಿ ಹಾಕಿದ್ದರು. ಹೆಚ್ಚಿನ ವಿಳಾಸಗಳಲ್ಲಿ ಪೂರ್ತಿ ಹೆಸರೇ ಇತ್ತು. ತಮ್ಮ ಮನೆಯವರಿಗೂ ಹೇಳದ ವಿಷಯ ನೂರಾರು ಅಪರಿಚಿತರ ಇನ್‌ಬಾಕ್ಸ್‌ನಲ್ಲಿ ಕೂತರೆ ಹೇಗಾಗಬೇಡ? ಆ ಕ್ಲಿನಿಕ್ ನಡೆಸುವ ಆಸ್ಪತ್ರೆ ಟ್ರಸ್ಟ್‌ಗೆ 2016ರಲ್ಲಿ 1.8 ಲಕ್ಷ ಪೌಂಡ್ ದಂಡ ಬಿತ್ತು. ವಿಚಾರಣೆಯಲ್ಲಿ ಇನ್ನೊಂದು ವಿಷಯವೂ ಹೊರಬಂತು. 2010ರಲ್ಲೇ ಅದೇ ಟ್ರಸ್ಟ್‌ನ ಬೇರೊಂದು ವಿಭಾಗದಿಂದ 17 ರೋಗಿಗಳಿಗೆ ಇದೇ ರೀತಿ, ಇದೇ ಟು ಸಾಲಿನಲ್ಲಿ ಮೇಲ್ ಹೋಗಿತ್ತು. ಆಗ ಒಂದಷ್ಟು ಕ್ರಮ ತೆಗೆದುಕೊಂಡಿದ್ದರು. ಆದರೂ ಐದು ವರ್ಷದ ನಂತರ ಇನ್ನೊಂದು ವಿಭಾಗದ ಮೇಜಿನ ಮೇಲೆ ಅದೇ ತಪ್ಪು ಕಾದು ಕೂತಿತ್ತು. ನಾನು ಆ 17ರ ಬಗ್ಗೆ ಆಗಾಗ ಯೋಚಿಸುತ್ತೇನೆ. ಸಣ್ಣ ಸಂಖ್ಯೆ ಎಂದು ಅಲ್ಲೇ ಮುಚ್ಚಿ ಹೋಗುವ ತಪ್ಪುಗಳಲ್ಲಿ ಕಲಿಯುವುದು ಎಷ್ಟೊಂದು ಇರುತ್ತದೆ!

ಅಂದಹಾಗೆ, ಬಿಸಿಸಿ ಕೆಲಸ ಮಾಡುವ ರೀತಿ ತಿಳಿದಿದ್ದರೆ ಒಳ್ಳೆಯದು. ಮೇಲ್‌ಗೆ ಒಂದು ಲಕೋಟೆ ಇರುತ್ತದೆ, ಒಳಗೆ ಕಾಗದ ಇರುತ್ತದೆ ಎಂದುಕೊಳ್ಳಿ. ಟು, ಸಿಸಿ ವಿಳಾಸಗಳು ಎರಡರ ಮೇಲೂ ಇರುತ್ತವೆ. ಬಿಸಿಸಿ ವಿಳಾಸ ಲಕೋಟೆಯ ಮೇಲೆ ಮಾತ್ರ. ಸರ್ವರ್‌ಗಳು ಲಕೋಟೆ ನೋಡಿ ತಲುಪಿಸುತ್ತವೆ, ಓದುವವರ ಕೈಗೆ ಕಾಗದ ಮಾತ್ರ ಸಿಗುತ್ತದೆ. ಹಾಗಾಗಿ ಬಿಸಿಸಿಯಲ್ಲಿ ಇದ್ದವರು ಯಾರಿಗೂ ಕಾಣುವುದಿಲ್ಲ. ಆದರೆ ಅವರೇ ರಿಪ್ಲೈ ಆಲ್ ಒತ್ತಿದರೆ ಎಲ್ಲರಿಗೂ ಕಾಣಿಸಿಕೊಳ್ಳುತ್ತಾರೆ. ನಮ್ಮ ಕಚೇರಿಯಲ್ಲಿ ಒಬ್ಬ ಹುಡುಗಿ ಗ್ರಾಹಕರಿಗೆ ಬರೆದ ಮೇಲ್‌ನಲ್ಲಿ ತನ್ನ ಮೇಲಧಿಕಾರಿಯನ್ನು ಬಿಸಿಸಿಯಲ್ಲಿ ಇಟ್ಟಿದ್ದಳು. ಅವರು ತಮ್ಮ ಅಭಿಪ್ರಾಯವನ್ನು ಅವಳಿಗೊಬ್ಬಳಿಗೇ ಹೇಳುತ್ತಿದ್ದೇನೆ ಎಂದುಕೊಂಡು ಎಲ್ಲರಿಗೂ ಹೇಳಿದರು. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ನಿಮ್ಮವರಿಗೆ ತಿಳಿಸಬೇಕಿದ್ದರೆ ಮೊದಲು ಗ್ರಾಹಕರಿಗೆ ಕಳಿಸಿ, ಆಮೇಲೆ ಸೆಂಟ್ ಫೋಲ್ಡರ್‌ನಿಂದ ಆ ಮೇಲನ್ನು ನಿಮ್ಮವರಿಗೆ ಫಾರ್ವರ್ಡ್ ಮಾಡಿ. ತುಂಬಾ ಜನಕ್ಕೆ ಕಳಿಸಬೇಕಿದ್ದರೆ ಬಿಸಿಸಿಯನ್ನು ನೆಚ್ಚಿಕೊಳ್ಳಲೇಬೇಡಿ. ಒಬ್ಬೊಬ್ಬರಿಗೆ ಬೇರೆ ಬೇರೆ ಮೇಲ್ ಹೋಗುವ ಮೇಲ್ ಮರ್ಜ್ ಬಳಸಿ.

ಬ್ರಿಟನ್ನಿನ ರಕ್ಷಣಾ ಇಲಾಖೆಯ ಎರಡು ಘಟನೆಗಳನ್ನು ಒಟ್ಟಿಗೆ ಹೇಳಬೇಕು. 2021ರ ಸೆಪ್ಟೆಂಬರ್‌ನಲ್ಲಿ, ತಾಲಿಬಾನ್ ಕೈಗೆ ಅಧಿಕಾರ ಹೋದ ಮೇಲೆ, ಅಫ್ಘಾನಿಸ್ತಾನದಿಂದ ಹೊರಬರಲು ಕಾದಿದ್ದ 245 ಜನರಿಗೆ ಒಂದೇ ಮೇಲ್ ಹೋಯಿತು. ಇಲ್ಲಿಯೂ ಟು ಸಾಲು. 55 ಜನರ ಫೋಟೋ ಕೂಡ ಕಾಣುತ್ತಿತ್ತು. ಇಬ್ಬರು ರಿಪ್ಲೈ ಆಲ್ ಒತ್ತಿದರು, ಅವರಲ್ಲೊಬ್ಬರು ತಾವಿರುವ ಜಾಗವನ್ನೂ ಬರೆದರು. ಈ ಪ್ರಕರಣಕ್ಕೆ 2023ರಲ್ಲಿ 3.5 ಲಕ್ಷ ಪೌಂಡ್ ದಂಡ ಬಿತ್ತು. ಹೊರಗಿನ ಹಲವರಿಗೆ ಮೇಲ್ ಕಳಿಸುವ ಮುಂಚೆ ಇನ್ನೊಬ್ಬರು ನೋಡಲೇಬೇಕು ಎಂಬ ನಿಯಮವನ್ನು ಆ ತಂಡ ತಂದುಕೊಂಡಿತು. ಒಳ್ಳೆಯ ನಿಯಮವೇ. ಆದರೆ ಮೊದಲ ಘಟನೆಯಾಗಿ ಐದೇ ತಿಂಗಳಿಗೆ, 2022ರ ಫೆಬ್ರುವರಿಯಲ್ಲಿ, ಅದೇ ಇಲಾಖೆಯಿಂದ ಇನ್ನೊಂದು ಮೇಲ್ ಹೊರಗೆ ಹೋಗಿತ್ತು. ಜತೆಗಿದ್ದ ಎಕ್ಸೆಲ್ ಫೈಲ್‌ನಲ್ಲಿ ಸುಮಾರು 150 ಜನರ ವಿವರ ಇದೆ ಎಂದು ಕಳಿಸಿದವರು ಅಂದುಕೊಂಡಿದ್ದರು. ಇದ್ದದ್ದು ಬ್ರಿಟನ್ನಿಗೆ ಬರಲು ಅರ್ಜಿ ಹಾಕಿದ್ದ ಸುಮಾರು 19,000 ಅಫ್ಘನ್ನರದು. ಅದರ ಒಂದು ಭಾಗ ಫೇಸ್‌ಬುಕ್‌ನಲ್ಲಿ ಕಾಣಿಸಿಕೊಂಡಾಗ, ಅಂದರೆ 2023ರ ಆಗಸ್ಟ್‌ನಲ್ಲಿ, ಇಲಾಖೆಗೆ ಗೊತ್ತಾಯಿತು. ಸಾರ್ವಜನಿಕರಿಗೆ ಗೊತ್ತಾದದ್ದು 2025ರ ಜುಲೈನಲ್ಲಿ.

ಒಂದರಲ್ಲಿ ಬಿಸಿಸಿ, ಇನ್ನೊಂದರಲ್ಲಿ ಎಕ್ಸೆಲ್. ಮೇಲ್ನೋಟಕ್ಕೆ ಬೇರೆ ಬೇರೆ. ನನ್ನ ಕಣ್ಣಿಗೆ ಎರಡೂ ಒಂದೇ. 'ಬಿಸಿಸಿ ಹಾಕಿ' ಎಂದು ಕಲಿತವರನ್ನು ಎಕ್ಸೆಲ್‌ನ ತಪ್ಪು ಹಿಡಿಯುತ್ತದೆ. 'ನನಗೆ ಕಾಣದ್ದು ಏನೇನು ಹೋಗುತ್ತಿದೆ?' ಎಂದು ಕೇಳಿಕೊಳ್ಳಲು ಕಲಿತವರಿಗೆ ಎರಡನ್ನೂ ತಡೆಯುವ ದಾರಿ ಸಿಗುತ್ತದೆ.

ಎಕ್ಸೆಲ್ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಈಚೆಗೆ ನನಗೆ ಬರುವ ಫೋನ್‌ಗಳಲ್ಲಿ ಇದೇ ಜಾಸ್ತಿ. ಫಿಲ್ಟರ್ ಹಾಕಿದರೆ ಸಾಲುಗಳು ಕಣ್ಣಿಗೆ ಮರೆಯಾಗುತ್ತವೆ, ಫೈಲ್‌ನಿಂದ ಹೋಗುವುದಿಲ್ಲ. ಹೈಡ್ ಮಾಡಿದ ಕಾಲಂ, ಹೈಡ್ ಮಾಡಿದ ಹಾಳೆ, ಎಲ್ಲವೂ ಹಾಗೆಯೇ. ಇದು ಹಲವರಿಗೆ ಗೊತ್ತು. ಪಿವಟ್ ಟೇಬಲ್, ಅಂದರೆ ದೊಡ್ಡ ಪಟ್ಟಿಯನ್ನು ಒಟ್ಟುಗೂಡಿಸಿ ಮೊತ್ತ ತೋರಿಸುವ ಕೋಷ್ಟಕ, ಅದರ ವಿಷಯ ಮಾತ್ರ ಅನುಭವಸ್ಥರಿಗೂ ಗೊತ್ತಿರುವುದಿಲ್ಲ. ಸಂಬಳದ ಮೂಲ ಹಾಳೆಯನ್ನು ಅಳಿಸಿ, ವಿಭಾಗವಾರು ಮೊತ್ತದ ಪಿವಟ್ ಮಾತ್ರ ಉಳಿಸಿ ಒಬ್ಬರು ಹೊರಗಿನ ಸಲಹೆಗಾರರಿಗೆ ಕಳಿಸಿದ್ದರು. ಪಿವಟ್ ತನ್ನೊಳಗೆ ಮೂಲ ಅಂಕಿಅಂಶದ ಒಂದು ಪ್ರತಿ ಇಟ್ಟುಕೊಂಡಿರುತ್ತದೆ. ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಹಿಂದಿನ ಸಾಲುಗಳು ಹೊಸ ಹಾಳೆಯಲ್ಲಿ ತೆರೆದುಕೊಳ್ಳುತ್ತವೆ. ಆ ಸಲಹೆಗಾರರು ತಾವಾಗಿಯೇ ಫೋನ್ ಮಾಡಿ ಹೇಳಿದ್ದರಿಂದ ನಮಗೆ ತಿಳಿಯಿತು. ಅದಾದ ಮೇಲೆ ಬೇಕಾದದ್ದನ್ನು ಮಾತ್ರ ಹೊಸ ಫೈಲ್‌ಗೆ ಪೇಸ್ಟ್ ವ್ಯಾಲ್ಯೂಸ್ ಮಾಡಿ, ಅಂದರೆ ಕಾಣುವ ಅಂಕಿಗಳನ್ನಷ್ಟೇ ಅಂಟಿಸಿ, ಕಳಿಸುವುದು ನಮ್ಮ ರೂಢಿಯಾಯಿತು. ಇದ್ದ ಫೈಲ್‌ನಿಂದ ಬೇಡದ್ದನ್ನು ತೆಗೆಯುತ್ತಾ ಹೋದರೆ ಏನು ಉಳಿಯಿತು ಎಂದು ಗೊತ್ತಾಗುವುದಿಲ್ಲ. ಖಾಲಿ ಫೈಲ್‌ಗೆ ಬೇಕಾದದ್ದನ್ನು ಹಾಕಿದರೆ ಹಾಕಿದಷ್ಟೇ ಇರುತ್ತದೆ. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಚಿತ್ರದ ಕತ್ತರಿಸಿದ ಭಾಗವೂ, ತಿದ್ದಿದ್ದನ್ನೆಲ್ಲ ಗುರುತಿಟ್ಟುಕೊಳ್ಳುವ ಟ್ರ್ಯಾಕ್ ಚೇಂಜಸ್‌ನಲ್ಲಿ ಅಳಿಸಿದ ಮಾತೂ ಫೈಲ್ ಒಳಗೆ ಉಳಿದಿರಬಹುದು. ಅಳಿಸಿದ ಮಾತನ್ನು ಹುಡುಕಲು ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಎಂಬ ಸೌಲಭ್ಯ ಇದೆ, ಕಳಿಸುವ ಮೊದಲು ಓಡಿಸಿ ನೋಡಿ. ಆದರೆ ಕ್ರಾಪ್ ಮಾಡಿದ ಚಿತ್ರಕ್ಕೆ ಅದನ್ನು ನಂಬಬೇಡಿ. ಚಿತ್ರವನ್ನು ಹೊರಗೆ ಕತ್ತರಿಸಿ ಉಳಿಸಿಕೊಂಡು ಆಮೇಲೆ ಸೇರಿಸಿ.

ಹಳೆಯ ಮೇಲ್‌ನ ಬಾಲವೂ ಇದೇ ಸಾಲಿಗೆ ಸೇರುತ್ತದೆ. ಮೂರು ಚುಕ್ಕೆಗಳ ಹಿಂದೆ ಮಡಚಿಕೊಂಡಿರುವ ಹಿಂದಿನ ಮಾತುಕತೆಯೆಲ್ಲ ಫಾರ್ವರ್ಡ್ ಮಾಡಿದಾಗ ಜತೆಗೇ ಹೋಗುತ್ತದೆ. ಗ್ರಾಹಕರಿಗೆ ಒಪ್ಪಂದದ ಕರಡು ಫಾರ್ವರ್ಡ್ ಆಗಿ, ಅದರ ಕೆಳಗೆ 'ಇವರು ಇನ್ನೂ ಸ್ವಲ್ಪ ಬೆಲೆ ಏರಿಸಿದರೂ ಒಪ್ಪುತ್ತಾರೆ' ಎಂಬ ನಮ್ಮವರ ಒಳಮಾತು ಹೋದದ್ದುಂಟು. ಒಳಗಿನ ಚರ್ಚೆ ಮುಗಿದ ಮೇಲೆ ಹೊರಗಿನವರಿಗೆ ಹೊಸ ಮೇಲ್ ಬರೆಯಿರಿ. ಎರಡು ನಿಮಿಷ ಜಾಸ್ತಿ ಹಿಡಿಯಬಹುದು, ಪರವಾಗಿಲ್ಲ.

ಈಗ ಕಚೇರಿಯಾಗಿ ನಾವು ಏನು ಮಾಡಿದೆವು ಎನ್ನುವುದಕ್ಕೆ ಬರುತ್ತೇನೆ. ಪ್ರತಿ ಘಟನೆಗೂ ಒಂದು ಸಣ್ಣ ಟಿಪ್ಪಣಿ ಬರೆದಿಡುತ್ತೇವೆ. ಕಳಿಸಿದವರಿಗೆ ಏನು ಕಾಣಿಸುತ್ತಿತ್ತು? ನಿಜವಾಗಿ ಏನು ಹೋಯಿತು? ಕಾಣದ್ದನ್ನು ಕಾಣಿಸುವಂತೆ ಮಾಡಲು ಏನು ಬದಲಾಯಿಸಬಹುದು? ಹೆಸರು ಬರೆಯುವುದಿಲ್ಲ. ಈ ಟಿಪ್ಪಣಿಗಳು ಹೊಸಬರಿಗೆ ಪಾಠ, ಸುತ್ತೋಲೆಗಿಂತ ಎಷ್ಟೋ ಮೇಲು.

ಹೊರಗಿನ ವಿಳಾಸಕ್ಕೆ ಹೋಗುವ ಎಲ್ಲ ಮೇಲ್‌ಗೂ ಎಚ್ಚರಿಕೆಯ ಕಿಟಕಿ ತೆರೆದುಕೊಳ್ಳುವಂತೆ ಮೊದಲು ಮಾಡಿದ್ದೆವು. ಸ್ವಲ್ಪ ದಿನದಲ್ಲೇ ಜನ ಓದದೆ ಓಕೆ ಒತ್ತತೊಡಗಿದರು. ಹಾಗಾಗಿ ಅದನ್ನು ತೆಗೆದೆವು. ಈಗ ಒಳಗಿನವರೂ ಹೊರಗಿನವರೂ ಒಂದೇ ಮೇಲ್‌ನಲ್ಲಿ ಬೆರೆತಿದ್ದು, ಜತೆಗೆ ಫೈಲ್ ಇದ್ದಾಗ ಮಾತ್ರ ಕಿಟಕಿ ಬರುತ್ತದೆ. ಅಪರೂಪಕ್ಕೆ ಬರುವುದರಿಂದ ಓದುತ್ತಾರೆ. ಔಟ್‌ಲುಕ್‌ನ ರೂಲ್ಸ್‌ನಲ್ಲಿ ಪ್ರತಿ ಮೇಲನ್ನೂ ಒಂದೆರಡು ನಿಮಿಷ ತಡೆದು ಕಳಿಸುವ ವ್ಯವಸ್ಥೆಯನ್ನೂ ಹಾಕಿಕೊಟ್ಟಿದ್ದೇನೆ. ತಪ್ಪು ಕಣ್ಣಿಗೆ ಬೀಳುವುದು ಹೆಚ್ಚಾಗಿ ಸೆಂಡ್ ಒತ್ತಿದ ಮರುಕ್ಷಣದಲ್ಲೇ, ಅದನ್ನು ನೀವೂ ನೋಡಿರುತ್ತೀರಿ. ಇನ್ನು ಬರೆಯುವ ಕ್ರಮ: ಮೊದಲು ಫೈಲ್, ಆಮೇಲೆ ಮಾತು, ಕೊನೆಗೆ ವಿಳಾಸ. ವಿಳಾಸ ಇಲ್ಲದ ಮೇಲ್ ಕೈತಪ್ಪಿಯೂ ಹೋಗುವುದಿಲ್ಲ. ಉತ್ತರ ಬರೆಯುವಾಗ ವಿಳಾಸ ಮೊದಲೇ ತುಂಬಿರುತ್ತದೆ, ಅದನ್ನು ಅಳಿಸಿ ಕೊನೆಗೆ ಮತ್ತೆ ಹಾಕಿ. ಸಿಟ್ಟಿನಲ್ಲಿ ಬರೆಯುವ ಉತ್ತರಕ್ಕಂತೂ ಇದು ಬೇಕೇ ಬೇಕು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು. ಅವರ ಕೈಕೆಳಗಿನ ಹುಡುಗನೊಬ್ಬ ಒಬ್ಬ ಗ್ರಾಹಕರ ಬಾಕಿ ಪಟ್ಟಿಯನ್ನು ಇನ್ನೊಬ್ಬ ಗ್ರಾಹಕರಿಗೆ ಕಳಿಸಿದ್ದ. ನೇರ ಅವರ ಮೇಜಿನ ಬಳಿ ಹೋಗಿ, "ಸರ್, ತಪ್ಪಾಗಿದೆ" ಎಂದ. ಅವರು ಅವನನ್ನು ಕೂರಿಸಿ, ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಬೈಗುಳವಿಲ್ಲ. "ಬೇಗ ಹೇಳಿದೆ ನೋಡು, ಒಳ್ಳೇದಾಯ್ತು" ಎಂದು ಎಲ್ಲರೆದುರೇ ಹೇಳಿದರಂತೆ. ಮೇಲ್ ಪಡೆದವರು ಅದನ್ನು ತೆರೆಯುವ ಮುಂಚೆಯೇ ನಾವು ಅವರ ಜತೆ ಮಾತಾಡಿ ಅಳಿಸಿಸಿದೆವು. ಆಮೇಲೆ ಆ ವಿಭಾಗದಿಂದ ನನಗೆ ಬರುವ ಫೋನ್‌ಗಳು ಹೆಚ್ಚಾದವು. ಅಲ್ಲಿ ತಪ್ಪು ಹೆಚ್ಚಾಯಿತು ಎಂದು ಕೆಲವರು ಅಂದುಕೊಂಡರು. ನಾನು ಹಾಗೆ ನೋಡುವುದಿಲ್ಲ. ಮೊದಲು ಮುಚ್ಚಿಹೋಗುತ್ತಿದ್ದವು ಈಗ ಹೊರಗೆ ಬರುತ್ತಿವೆ. ಇನ್ನೊಂದು ವಿಭಾಗದಲ್ಲಿ ಬೈಗುಳಕ್ಕೆ ಹೆದರಿ ಒಬ್ಬರು ಇಂಥದ್ದನ್ನೇ ದಿನಗಟ್ಟಲೆ ಹೇಳದೆ ಇದ್ದರು. ನಮಗೆ ಗೊತ್ತಾಗುವಷ್ಟರಲ್ಲಿ ಆ ಫೈಲ್ ಮೂರನೆಯವರ ಕೈ ಸೇರಿತ್ತು. ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನಲ್ಲಿ ಜನರಿಗೆ ಅಪಾಯ ತರಬಹುದಾದ ಇಂಥ ಸೋರಿಕೆಯನ್ನು, ತಿಳಿದ 72 ಗಂಟೆಯೊಳಗೆ ಅಧಿಕಾರಿಗಳಿಗೆ ವರದಿ ಮಾಡಬೇಕು ಎಂದಿದೆ. ಹೆದರಿ ಸುಮ್ಮನಿರುವ ಕಚೇರಿಯಲ್ಲಿ ಇಂಥ ನಿಯಮಕ್ಕೆ ಅರ್ಥವೇನು?

ಹಾಗಾದರೆ ತಪ್ಪು ಆದ ಗಳಿಗೆಯಲ್ಲಿ ಏನು ಮಾಡಬೇಕು? ಮೊದಲು ನಿಮ್ಮವರಿಗೆ ಹೇಳಿ. ಲಿಂಕ್ ಕಳಿಸಿದ್ದರೆ ಕೂಡಲೇ ಅದರ ಅನುಮತಿ ತೆಗೆಯಿರಿ. ಪಾಸ್‌ವರ್ಡ್ ಹೋಗಿದ್ದರೆ ಬದಲಾಯಿಸಿ. ಪಡೆದವರಿಗೆ ಫೋನ್ ಮಾಡಿ ತೆರೆಯದೆ ಅಳಿಸಲು ಕೇಳಿ, ಅಳಿಸಿದ್ದೇವೆ ಎಂದು ಒಂದು ಸಾಲು ಬರೆಸಿಕೊಳ್ಳಿ. ತಿದ್ದುಪಡಿಯ ಮೇಲ್ ಚಿಕ್ಕದಾಗಿರಲಿ. 'ಬೆಳಿಗ್ಗೆ ಕಳಿಸಿದ ಪಟ್ಟಿಯಲ್ಲಿ ದಿನಾಂಕ ತಪ್ಪಿದೆ. ಸರಿಯಾದದ್ದು ಇಲ್ಲಿದೆ. ಹಳೆಯದನ್ನು ಬಳಸಬೇಡಿ.' ಇಷ್ಟು ಸಾಕು. ಉದ್ದನೆಯ ಕ್ಷಮಾಪಣೆಯ ನಡುವೆ ಸರಿಯಾದ ದಿನಾಂಕವೇ ಕಳೆದುಹೋಗುತ್ತದೆ.

ನಮಗೆ ಇನ್ನೂ ಪೂರ್ತಿ ಬಗೆಹರಿಯದೆ ಇರುವುದು ಫೋನ್‌ನಿಂದ ಕಳಿಸುವ ಮೇಲ್. ಆ ಚಿಕ್ಕ ಪರದೆಯಲ್ಲಿ ವಿಳಾಸ ಕಾಣುವುದಿಲ್ಲ, ಫೈಲ್ ಒಳಗಿನದು ಕಾಣುವುದಿಲ್ಲ, ಹಳೆಯ ಬಾಲ ಕಾಣುವುದಿಲ್ಲ. ನಾನು ಔಟ್‌ಲುಕ್‌ನಲ್ಲಿ ಹಾಕಿಕೊಟ್ಟ ಆ ಎರಡು ನಿಮಿಷದ ತಡೆಯೂ ಫೋನ್‌ನಿಂದ ಹೋಗುವ ಮೇಲ್‌ಗೆ ಅನ್ವಯಿಸುವುದಿಲ್ಲ. ಹೊರಗಿನವರಿಗೆ ಫೈಲ್ ಇರುವ ಮೇಲನ್ನು ಫೋನ್‌ನಿಂದ ಕಳಿಸಬೇಡಿ ಎಂದು ಕೇಳಿಕೊಂಡಿದ್ದೇವೆ. ಕೂತು ಕೆಲಸ ಮಾಡುವವರು ಒಪ್ಪಿದ್ದಾರೆ. ಓಡಾಟದಲ್ಲೇ ಇರುವವರು, "ಮೇಡಂ, ನಮಗೆ ಅದು ಆಗಲ್ಲ" ಎನ್ನುತ್ತಾರೆ. ಅವರ ಮಾತಿನಲ್ಲೂ ನ್ಯಾಯ ಇದೆ. ಅವರಿಗೆ ಫೈಲ್ ಬದಲು ಲಿಂಕ್ ಕಳಿಸುವುದನ್ನು ಹೇಳಿಕೊಡುತ್ತಿದ್ದೇನೆ. ಲಿಂಕ್ ಆದರೆ ಹೋದ ಮೇಲೂ ಅದರ ಬಾಗಿಲು ನಮ್ಮ ಕೈಯಲ್ಲೇ ಇರುತ್ತದೆ, ಯಾರು ತೆರೆದರು ಎಂದು ನೋಡಬಹುದು, ಬೇಡವೆಂದರೆ ಮುಚ್ಚಬಹುದು. 'ಲಿಂಕ್ ಇರುವ ಯಾರು ಬೇಕಾದರೂ' ಎಂಬ ಆಯ್ಕೆಯನ್ನು ಮಾತ್ರ ನಮ್ಮ ವ್ಯವಸ್ಥೆಯಲ್ಲಿ ಮುಚ್ಚಿಟ್ಟಿದ್ದೇನೆ. ಅದನ್ನು ತೆರೆಯಿರಿ ಎಂದು ಮಾರಾಟ ವಿಭಾಗದವರು ಕೇಳುತ್ತಲೇ ಇದ್ದಾರೆ. ಸದ್ಯಕ್ಕೆ ನಾನು ಒಪ್ಪಿಲ್ಲ.